ವಾದಕ್ಕೆ ಬೇಡವಾದ ಎರಡನೆಯ ದಿನ

ರಾಜಧಾನಿಯ ಕಾಂದಾ ಕೇರಿಯಲ್ಲಿದ್ದ ನಮ್ಮ ಕಾನೂನು ಕಾಲೇಜಿನ ಚರ್ಚಾಕೂಟದಲ್ಲಿ ವಾದ ಮಂಡನೆಗಿಂತ ಮಂಡಿನೋವು ಹೆಚ್ಚು. ತಿಂಗಳಿಗೊಮ್ಮೆ ಒಂದು ಹಜಾರವನ್ನು ಬಾಡಿಗೆಗೆ ಹಿಡಿದು, ಚಾಪೆಯ ಮೇಲೆ ಮಂಡಿ ಮಡಚಿ ಸಾಲುಸಾಲಾಗಿ ಕೂರುತ್ತಿದ್ದೆವು. ಮೊದಲ ಅರ್ಧ ಗಂಟೆ ಎಲ್ಲರಿಗೂ ದೇಶದ ಭವಿಷ್ಯದ ಚಿಂತೆ. ಆಮೇಲೆ ಅವರವರ ಕಾಲಿನ ಭವಿಷ್ಯದ ಚಿಂತೆ.

ನಾನು ನೆಗಿಶಿ. ನನ್ನಪ್ಪ ಅಸಾಕುಸಾದಲ್ಲಿ ಕಥೆ ಹೇಳುವ ಮಂಟಪವೊಂದರ ಬಾಗಿಲು ಕಾಯುತ್ತಿದ್ದ. ಒಳಗೆ ಹೋಗಲು ಚೀಟಿ ಬೇಕಿತ್ತು, ಹೊರಗೆ ನಿಂತು ಕೇಳಲು ಕಿವಿ ಸಾಕಿತ್ತು. ಹಾಗೆ ಕೇಳಿ ಕೇಳಿ ಊರಿನ ಗಂಟಲುಗಳೆಲ್ಲ ನನ್ನ ಗಂಟಲಿಗೆ ಇಳಿದಿದ್ದವು. ತರ್ಕ ಅಂತ ನನಗೆ ಬರುತ್ತಿದ್ದುದು ತರಲೆ ಮಾತ್ರ. ಆದರೆ ಅಕುನೆ ಮೇಷ್ಟ್ರ ನಕಲು ತೆಗೆದರೆ ಪಕ್ಕದ ಕೋಣೆಯ ಹುಡುಗರು ಎದ್ದು ನಿಂತು ಬಾಗುತ್ತಿದ್ದರು. ಅಕುನೆಯವರು ಪ್ಯಾರಿಸ್ಸಿನಿಂದ ಒಂದು ಪದವಿ, ಒಂದು ಟೊಪ್ಪಿ, ಒಂದು ಶೀತ ತಂದಿದ್ದರು. ಪದವಿ ಗೋಡೆಯ ಮೇಲೆ, ಟೊಪ್ಪಿ ತಲೆಯ ಮೇಲೆ, ಶೀತ ಮೂಗಿನಲ್ಲಿ ಖಾಯಂ.

ನನ್ನ ಕೋಣೆಯ ಜೊತೆಗಾರ ಶಿಯೊಜಾವಾ ತೊಕುಜಿ. ಶಿನಾನೊ ಸೀಮೆಯವನು, ತೆನ್ರ್ಯು ನದಿಯ ಕಣಿವೆಯ ಕಡೆ. ಮಾತು ನಿಧಾನ, ನಗು ಇನ್ನೂ ನಿಧಾನ. ನಾನು ಬೆಳಿಗ್ಗೆ ಹೇಳಿದ ಚಟಾಕಿಗೆ ಅವನು ಮಧ್ಯಾಹ್ನ ನೂಡಲ್ ತಿನ್ನುವಾಗ ನಗುತ್ತಿದ್ದ. ಅವರ ಮನೆಯದು ಕಾಗದದ ಹುರಿ ಹೊಸೆಯುವ ಕಸುಬು. ಹಿಂದೆ ಗಂಡಸರ ಜುಟ್ಟು ಕಟ್ಟುವುದಕ್ಕೆ ಆ ಹುರಿ ಹೋಗುತ್ತಿತ್ತು. ಸರಕಾರ ಜುಟ್ಟು ತೆಗೆಸಿದ ಮೇಲೆ ಮದುವೆಯ ಉಡುಗೊರೆಗೆ, ಸಾವಿನ ಮನೆಗೆ ಹಣ ಕೊಡುವ ಲಕೋಟೆಗೆ. ಅವನ ಬೆರಳುಗಳಿಗೆ ಸುಮ್ಮನಿದ್ದು ಗೊತ್ತಿರಲಿಲ್ಲ. ಅಕುನೆಯವರು ಒಪ್ಪಂದದ ಕಾಯಿದೆ ಹೇಳುತ್ತಿದ್ದರೆ, ಇವನು ಟಿಪ್ಪಣಿ ಕಾಗದದ ಅಂಚು ಹರಿದು ಹೊಸೆಯುತ್ತ ಕೂರುತ್ತಿದ್ದ. ತರಗತಿ ಮುಗಿಯುವಷ್ಟರಲ್ಲಿ ಒಪ್ಪಂದ ನಮ್ಮ ತಲೆಯಲ್ಲಿ ಸಡಿಲವಾಗಿ, ಹುರಿ ಅವನ ಕೈಯಲ್ಲಿ ಬಿಗಿಯಾಗಿ ಇರುತ್ತಿತ್ತು.

ನಮ್ಮಲ್ಲಿ ಯಾರನ್ನು ಕೇಳಿದರೂ ನ್ಯಾಯಾಧೀಶ, ಮಂತ್ರಿ, ಏನೂ ಇಲ್ಲದಿದ್ದರೆ ಪತ್ರಿಕೆಯ ಸಂಪಾದಕ. ತೊಕುಜಿ ಮಾತ್ರ ಊರಿಗೆ ವಾಪಸು ಹೋಗುವುದಕ್ಕೆಂದು ಓದುತ್ತಿದ್ದ. ಪಟ್ಟಣದ ವ್ಯಾಪಾರಿಗಳು ಕರಾರು ಪತ್ರಗಳಲ್ಲಿ ಹುರಿಯವರನ್ನು ಸುಲಿಯುತ್ತಿದ್ದರು. ಅದನ್ನು ಓದಬಲ್ಲ ಒಬ್ಬ ಮನೆಯಲ್ಲಿರಲಿ ಎಂದು ಅಪ್ಪ ಯೊಹೇ ಇವನನ್ನು ಕಳಿಸಿದ್ದ. ಓದು ಮುಗಿಸಿ ಹೋಗಿ, ಯೊಹೇಯ ಮಗಳು ಸುಮಿಯನ್ನು ಮದುವೆಯಾಗಿ, ಮನೆ ನಡೆಸುವುದು. ಮಗಳನ್ನೇ ಹೇಗೆ ಅಂದರೆ, ತೊಕುಜಿ ಆ ಮನೆಗೆ ದತ್ತು ಬಂದವನು. ಬಡ ಸಮುರಾಯಿಯೊಬ್ಬನ ಎರಡನೆಯ ಮಗ; ಏಳನೆಯ ವಯಸ್ಸಿನಲ್ಲಿ, ಗಂಡು ಮಕ್ಕಳಿಲ್ಲದ ಹುರಿಯವರ ಮನೆಗೆ ವಾರಸುದಾರನಾಗಿ ಬಂದಿದ್ದ.

ಯೊಹೇ ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ನಿಹೊನ್‌ಬಾಶಿಯ ಅಂಗಡಿಗಳಿಗೆ ಹುರಿ ಹಾಕಲು ಬರುತ್ತಿದ್ದ. ಒಂದು ರಾತ್ರಿ ನಮ್ಮ ಕೋಣೆಯಲ್ಲಿ ತಂಗುತ್ತಿದ್ದ. ನನಗೆ ಅಷ್ಟು ಸಾಕಾಯಿತು. ಮೊದಲು ಸಣ್ಣ ಕೆಮ್ಮು. ಆಮೇಲೆ ಕಲ್ಲುದಾರಿಯ ಮೇಲೆ ಗಾಡಿಯ ಗಾಲಿ ಉರುಳಿದಂಥ ಸ್ವರ. "ಲೇ ತೊಕೂ... ಉಂಡ್ಯೇನೋ?"

ಪರೀಕ್ಷೆಯ ದಿನಗಳಲ್ಲಿ ತೊಕುಜಿ ಮುಖ ಜೋತುಹಾಕಿಕೊಂಡು ಕೂತರೆ ನಾನು ಬಾಗಿಲಾಚೆ ನಿಂತು ಕೆಮ್ಮುತ್ತಿದ್ದೆ. "ಲೇ ತೊಕೂ..."

"ಹಾಂ, ಬಂದೆ ಅಪ್ಪಾ," ಎಂದು ಎದ್ದೇ ಬಿಡುತ್ತಿದ್ದ. ಆಮೇಲೆ ದಿಂಬು ಹಾರಿ ನನ್ನ ಮುಖಕ್ಕೆ ಬರುತ್ತಿತ್ತು. "ಥೂ ಹಾಳಾದವನೇ! ನಿನ್ನ ಬಾಯಿಗೆ ಹುಳ ಬೀಳ. ನಿಜವಾಗ್ಲೂ ಬಂದ್ರು ಅಂದ್ಕೊಂಡೆ."

ಆ ವರ್ಷ ದೇಶದ ತುಂಬ ಒಂದೇ ಜಗಳ. ಹೊಸ ಕುಟುಂಬ ಕಾಯಿದೆ ಬಂದರೆ ಪಿತೃಭಕ್ತಿ ಸತ್ತೇ ಹೋಗುತ್ತದೆ ಎಂದು ಒಬ್ಬರು. ಬರದಿದ್ದರೆ ದೇಶವೇ ಸತ್ತುಹೋಗುತ್ತದೆ ಎಂದು ಇನ್ನೊಬ್ಬರು. ಅಕುನೆಯವರು ಶರತ್ಕಾಲದ ಕೂಟಕ್ಕೆ ಪ್ರಶ್ನೆ ಕೊಟ್ಟರು: ದತ್ತು ಬಂದ ಮಗ ತನ್ನ ಇಚ್ಛೆಯಿಂದ ಆ ಮನೆಯನ್ನು ಬಿಟ್ಟು ಹೋಗಬಹುದೇ?

ಯಾರು ಯಾವ ಪಕ್ಷ ಎನ್ನುವುದನ್ನು ನಮ್ಮಲ್ಲಿ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಮೇಷ್ಟ್ರ ಪ್ಯಾರಿಸ್ ಟೊಪ್ಪಿಯೇ ಬುಟ್ಟಿ. "ನಂಬಿದ್ದನ್ನ ಹೇಳೋದು ಪ್ರಾರ್ಥನೆ," ಎನ್ನುತ್ತಿದ್ದರು ಮೂಗಿನಲ್ಲಿ. "ನಂಬದ್ದನ್ನ ಹೇಳಿ ಗೆಲ್ಲೋದು ವಕೀಲಿ. ಪ್ರಾರ್ಥನೆ ಮಾಡೋರು ಗುಡಿಗೆ ಹೋಗಿ."

ತೊಕುಜಿ ಟೊಪ್ಪಿಯೊಳಗೆ ಕೈ ಹಾಕಿದ. ಬಿಡಿಸಿ ನೋಡಿದ. 'ಹೋಗಬಹುದು.' ನನಗೆ ಬಂದದ್ದು 'ಹೋಗಬಾರದು.'

ಹೊರಗೆ ಬಂದಮೇಲೆ ಹೇಳಿದೆ: "ಬದಲಾಯಿಸ್ಕೊಳ್ಳೋಣ ಕಣೋ. ನೀನು ದತ್ತು ಮನೇಗೆ ಅಂಟಿಕೊಂಡಿರೋ ಹಲ್ಲಿ. ನಾನು ಸ್ವಂತ ಅಪ್ಪನ ಮನೇನೇ ಬಿಟ್ಟು ಓಡಿ ಬಂದೋನು. ದೇವರು ಟೊಪ್ಪಿ ಒಳಗೆ ನಿದ್ದೆ ಮಾಡ್ತಿದ್ದ ಅಂತ ಕಾಣುತ್ತೆ."

"ಚೀಟಿ ಅಂದ್ಮೇಲೆ ಚೀಟಿ."

"ಮೇಷ್ಟ್ರಿಗೆ ಗೊತ್ತಾಗಲ್ಲ ಮಾರಾಯ."

"ನಾಳೆ ಕೋರ್ಟಲ್ಲಿ ಎದುರು ವಕೀಲನ ಹತ್ರ ಹೋಗಿ, ನಿಮ್ಮ ಕಕ್ಷಿದಾರ ಚೆನ್ನಾಗಿದ್ದಾನೆ, ಬದಲಾಯಿಸ್ಕೊಳ್ಳೋಣ ಅಂತೀಯಾ?" ಅಪರೂಪಕ್ಕೆ ಅವನೇ ಮೊದಲು ನಕ್ಕ. "ಅಲ್ಲದೆ, ಊರಲ್ಲಿ ವ್ಯಾಪಾರಿಗಳ ವಕೀಲರು ನನಗೆ ಎದುರಾಗೋರು. ಅವರ ಮಾತು ಹೇಗೆ ಹುಟ್ಟುತ್ತೆ ಅಂತ ಒಂದ್ಸಲ ಒಳಗಿಂದ ನೋಡ್ಬೇಕು."

ಕೂಟದ ದಿನ ನಾನು ಮೊದಲು ಎದ್ದೆ. ಕರ್ತವ್ಯ, ಋಣ, ಪೂರ್ವಜರ ಸಮಾಧಿ ಇತ್ಯಾದಿ ಮಾತಾಡಿದೆ. ಓಡಿಹೋದ ದತ್ತುಮಗನ ಅತ್ತೆಯ ಧ್ವನಿ, ಹಳ್ಳಿಯ ಮುಖ್ಯಸ್ಥನ ಧ್ವನಿ, ಕೊನೆಗೆ ಆ ಮನೆಯ ಬೆಕ್ಕಿನ ಧ್ವನಿಯನ್ನೂ ತೆಗೆದೆ. ಹಜಾರ ಬಿದ್ದು ಬಿದ್ದು ನಕ್ಕಿತು. ನಕ್ಕವರು ಮತ ಹಾಕುತ್ತಾರೆ ಎಂದು ನಂಬಿದ್ದ ಕಾಲ ಅದು.

ಆಮೇಲೆ ತೊಕುಜಿ ಎದ್ದ. ಕೈಯಲ್ಲಿ ಕಾಗದವಿರಲಿಲ್ಲ, ಹೊಸೆಯುವುದಕ್ಕೂ ಇರಲಿಲ್ಲ. ಬೆರಳುಗಳನ್ನು ಅಂಗಿಯ ತೋಳೊಳಗೆ ಬಚ್ಚಿಟ್ಟ.

"ಒಪ್ಪಂದಕ್ಕೆ ಇಬ್ಬರು ಬೇಕು," ಎಂದ. "ನನ್ನ ಮಿತ್ರ ನೆಗಿಶಿ ಅತ್ತೆಯ ಮಾತು ಕೇಳಿಸಿದ, ಬೆಕ್ಕಿನ ಮಾತೂ ಕೇಳಿಸಿದ. ಕೊಟ್ಟ ಮಗುವಿನ ಮಾತು ಕೇಳಿಸಲಿಲ್ಲ. ಅವನ ತಪ್ಪಲ್ಲ. ಆ ಮಗುವನ್ನು ಯಾರೂ ಏನೂ ಕೇಳಿರಲಿಲ್ಲ."

ಹಜಾರದಲ್ಲಿ ಮಂಡಿ ಸರಿಸುವ ಸದ್ದು ನಿಂತಿತು.

"ಏಳು ವರ್ಷದ ಒಬ್ಬ ಹುಡುಗನನ್ನು ನಾನು ಬಲ್ಲೆ. ಹೊಸ ಚಪ್ಪಲಿ ತೊಡಿಸಿದರು, ಅವನು ಹಬ್ಬ ಅಂದುಕೊಂಡ. ಒಂದು ಮನೆಯ ಹೊಸಿಲಲ್ಲಿ ನಿಲ್ಲಿಸಿ, ಗುರುತಿಲ್ಲದ ಒಬ್ಬರನ್ನು ತೋರಿಸಿ, ಅಪ್ಪಾ ಅನ್ನು ಎಂದರು. ಅಂದ. ತಿರುಗಿ ನೋಡಿದರೆ ಕರೆದುಕೊಂಡು ಬಂದ ಅಪ್ಪ ಇರಲಿಲ್ಲ. ಆ ದಿನವೆಲ್ಲ ಅವನು ಬಾಗಿಲ ಹತ್ತಿರ ಚಪ್ಪಲಿ ಹಿಡಿದುಕೊಂಡು ಕೂತಿದ್ದ. ಅನ್ನ ಮುಟ್ಟಲಿಲ್ಲ. ಅಳುವುದಕ್ಕೆ ಬೇಕಾದ ಧ್ವನಿಯೂ ಆ ಮನೆಯದಲ್ಲ ಅನ್ನಿಸಿ ಅಳಲೂ ಇಲ್ಲ. 'ಅಪ್ಪಾ' ಎಂಬ ಆ ಒಂದು ಪದಕ್ಕೆ ನೀವು ಅವನನ್ನು ಜನ್ಮವಿಡೀ ಕಟ್ಟಿಹಾಕುತ್ತೀರಾ? ದೊಡ್ಡವನಾದಮೇಲೆ ಒಂದು ಸಲ, ಒಂದೇ ಒಂದು ಸಲ, 'ನಿನಗೆ ಇಷ್ಟವಾ' ಎಂದು ಕಾಯಿದೆ ಕೇಳಬಾರದಾ?"

ಅವನ ಸ್ವರ ಒಡೆಯಿತು. ನಟನೆಯಲ್ಲ, ನಟನೆ ನನಗೆ ಗೊತ್ತು. ನನ್ನ ಬೆಕ್ಕು ಬಾಲ ಮುದುರಿಕೊಂಡಿತು. ಮತ ಎಣಿಸುವ ಅಗತ್ಯವೇ ಬೀಳಲಿಲ್ಲ. ಅಕುನೆಯವರು ಕರವಸ್ತ್ರ ತೆಗೆದರು. ಅದು ಶೀತಕ್ಕಲ್ಲ ಎಂದು ಹಿಂದಿನ ಸಾಲಿನವರೂ ಹೇಳಿದರು.

ಗೆದ್ದವನನ್ನು ಎಲ್ಲರೂ ಮುತ್ತಿಕೊಂಡರು. ಸೋತವನಿಗೆ ದಾರಿ ಸಲೀಸು. ನಾನು ಬಾಗಿಲಿಗೆ ಬಂದೆ. ಚಪ್ಪಲಿಗಳ ರಾಶಿಯ ಪಕ್ಕದಲ್ಲಿ, ಗಂಟು ಹಿಡಿದುಕೊಂಡು, ಯೊಹೇ ನಿಂತಿದ್ದ.

"ಅರೆ, ಯಜಮಾನ್ರೇ! ಯಾವಾಗ ಬಂದ್ರಿ?"

ಸಣ್ಣ ಕೆಮ್ಮು. "ಹುರಿ ಹಾಕಕ್ಕೆ ಬಂದಿದ್ದೆ. ನಿಮ್ಮ ಬಾಡಿಗೆ ಮನೆಯಮ್ಮ ಈ ಹಜಾರದಾಗವ್ರೆ ಅಂದ್ಲು. ಹಿಂದ್ಗಡೆ ಕುಂತಿದ್ದೆ." ಒಳಗೆ ನೋಡಿದ. "ಚೆನ್ನಾಗ್ ಮಾತಾಡ್ದ. ಮನೇಲಿ ಬಾಯೇ ಬಿಡ್ತಿರ್ಲಿಲ್ಲ ನೋಡು. ಇಷ್ಟೆಲ್ಲ ಎಲ್ಲಿಟ್ಕಂಡಿದ್ದ?"

ಅವನ ಮುಖ ನೋಡಿ, ಇದನ್ನು ಸರಿಮಾಡಬೇಕು ಎನ್ನಿಸಿತು. "ಅಯ್ಯೋ, ಅದು ಅವನ ಸ್ವಂತ ಅಭಿಪ್ರಾಯ ಅಲ್ಲ ಯಜಮಾನ್ರೇ. ಇಲ್ಲಿ ಚೀಟಿ ಎತ್ತಿಸ್ತಾರೆ. ಅವನಿಗೆ 'ಹೋಗಬಹುದು' ಬಂತು, ನನಗೆ 'ಹೋಗಬಾರದು' ಬಂತು. ಅಷ್ಟೇ."

"ಚೀಟಿ ಎತ್ತಿದ್ದಾ?" ಮುದುಕ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಅವನ ಕೈಯಾಗೇ?"

"ಅವನ ಕೈಯಲ್ಲೇ. ಎಲ್ಲರ ಎದುರಿಗೆ."

"ಕೈ ತೊಳ್ಕಂಡಿದ್ನಾ?"

ವಿಚಿತ್ರ ಪ್ರಶ್ನೆ ಎನ್ನಿಸಿತು. ಆದರೆ ಚೀಟಿ ಎತ್ತಿದ ದಿನ ಬೆಳಿಗ್ಗೆ ಶಾಯಿ ಚೆಲ್ಲಿಕೊಂಡು ತೊಕುಜಿ ಬಾವಿಕಟ್ಟೆಯಲ್ಲಿ ಉಜ್ಜಿ ಉಜ್ಜಿ ಕೈ ತೊಳೆದದ್ದು ನೆನಪಿತ್ತು. "ತೊಳ್ಕೊಂಡಿದ್ದ," ಎಂದೆ ನಗುತ್ತ.

"ಹೂಂ," ಎಂದ ಯೊಹೇ, ಮನಸ್ಸಿನ ಭಾರ ಒಂದನ್ನು ಎಲ್ಲೋ ಇಳಿಸಿದವನಂತೆ. "ಸರಿ ಮತ್ತೆ. ಇದು ಅವನಿಗೆ ಕೊಟ್ಬುಡು. ನಾನು ರೈಲು ಹಿಡೀಬೇಕು."

"ಒಂದು ನಿಮಿಷ ಇರಿ, ಕರೀತೀನಿ."

"ಬ್ಯಾಡ ಬ್ಯಾಡ. ಜನ ಅವ್ರೆ. ಸಂತೋಸವಾಗಿರ್ಲಿ."

ಗಂಟಿನಲ್ಲಿ ಒಣಗಿಸಿದ ಪರ್ಸಿಮನ್ ಹಣ್ಣುಗಳಿದ್ದವು, ಬಿಳಿಯ ಹಿಟ್ಟು ಕಟ್ಟಿದವು. ಕೋಣೆಯಲ್ಲಿ ಕೂತು ತಿಂದೆವು. ಅಪ್ಪ ಏನಂದ್ರು ಎಂದು ತೊಕುಜಿ ಕೇಳಿದ. ನಾನು ಕೆಮ್ಮಿ, "ಚೆನ್ನಾಗ್ ಮಾತಾಡ್ದ," ಎಂದೆ. ಅವನ ಕಿವಿ ಕೆಂಪಾಯಿತು. ಮತ್ತೆ ಮತ್ತೆ ಹೇಳಿಸಿದ. ಬೀಜ ಬಿಸಾಡದೆ ಕಾಗದದಲ್ಲಿ ಸುತ್ತಿಟ್ಟ.

ಮರಗಳ ಎಲೆ ಉದುರಿ ಮುಗಿಯುವ ಹೊತ್ತಿಗೆ ತೊಕುಜಿಯ ಹುಟ್ಟುಮನೆಯ ಅಣ್ಣ ಇಹಾರಾ ಮಾಸಾತೊ ನಮ್ಮ ಕೋಣೆಗೆ ಬಂದ. ಊರಿನ ಶಾಲೆಯಲ್ಲಿ ಮೇಷ್ಟ್ರು, ಈಗ ಆ ಮನೆಯ ಯಜಮಾನ; ಬಾಗಿಲಲ್ಲೇ ಪಾಠ ಶುರುಮಾಡುವ ಗಂಟಲು. ತಮ್ಮನ ಬೆನ್ನಿಗೆ ಗುದ್ದಿ ಕೂತ.

"ಅಂತೂ ಗೆದ್ದೆ ಕಣಯ್ಯಾ! ಇನ್ಮೇಲೆ ನೀನು ಇಹಾರಾ ತೊಕುಜಿ. ಸಮುರಾಯಿ ಮನೆ ಹೆಸರು, ಹುರಿ ಹೊಸೆಯೋರ ಹೆಸರಲ್ಲ."

ತೊಕುಜಿ ಚಹಾ ಸುರಿಯುತ್ತಿದ್ದ. ಸುರಿಯುತ್ತಲೇ ಇದ್ದ. ನಾನು ಕೈ ಹಿಡಿದು ಕೆಟಲನ್ನು ತೆಗೆದೆ.

"ಏನಂದ್ರಿ ಅಣ್ಣಾ?"

"ಯಾಕೆ, ನಿನಗೆ ಹೇಳ್ಲಿಲ್ವಾ? ಮುದುಕ ನಮ್ಮನೇಗೆ ಬಂದಿದ್ದ. ಹಬ್ಬದ ಬಟ್ಟೆ ಹಾಕ್ಕೊಂಡು, ನೆಲಕ್ಕೆ ಹಣೆ ಮುಟ್ಟಿಸಿ. 'ನಿಮ್ಮ ಹುಡುಗನ್ನ ಬಾಳ ದಿನ ಇಟ್ಕಂಡ್ಬುಟ್ಟೆ, ಕ್ಷಮಿಸ್ಬೇಕು' ಅಂದ. ಮುದ್ರೆ ಹಾಕಿದ, ನಾನೂ ಹಾಕಿದೆ. ಊರಿನ ಪಟ್ಟಿಯಲ್ಲಿ ನಿನ್ನ ಹೆಸರನ್ನ ಅವನ ಮನೇಲಿ ಹೊಡೆದು ನಮ್ಮನೇಲಿ ಬರೆದಾಯ್ತು." ಅಣ್ಣ ದನಿ ತಗ್ಗಿಸಿದ. "ನಿನ್ನ ಮೇಲೆ ಅವನಿಗೆ ಸಿಟ್ಟೇನೂ ಇಲ್ಲ. ಹೋದಲ್ಲೆಲ್ಲ ನೀನು ಪಟ್ಟಣದಲ್ಲಿ ಎಷ್ಟು ಚೆನ್ನಾಗಿ ಮಾತಾಡಿದೆ ಅಂತ ಹೇಳ್ಕೊಂಡು ತಿರುಗ್ತಾನೆ. ಓದಿನ ಖರ್ಚನ್ನೂ ಕೊನೇತನಕ ತಾನೇ ಕೊಡ್ತಾನಂತೆ. ಪುಣ್ಯಾತ್ಮ."

"ನನ್ನ ಯಾರೂ ಕೇಳ್ಲಿಲ್ಲ," ಎಂದ ತೊಕುಜಿ.

"ಕೇಳೋದೇನು? ನೀನೇ ತಾನೇ ಸಭೆಯಲ್ಲಿ ನಿಂತು ಹೇಳಿದ್ದು?"

ತೊಕುಜಿ ನನ್ನನ್ನು ನೋಡಿದ. "ನೆಗಿಶಿ, ನೀನೂ ಬಾ ನನ್ನ ಜೊತೆ. ಎದುರು ಪಕ್ಷದೋನು ನೀನು. ಅದು ಚರ್ಚೆ ಅಂತ ನೀನು ಹೇಳಿದ್ರೆ ನಂಬ್ತಾರೆ."

ರೈಲು ಮುಗಿದ ಮೇಲೆ ಕಾಲ್ನಡಿಗೆ. ಕಣಿವೆಗಳನ್ನು ಹತ್ತಿ ಇಳಿದೆವು. ದಾರಿಯುದ್ದಕ್ಕೂ ತೊಕುಜಿ ವಾದ ಸಿದ್ಧಮಾಡಿಕೊಳ್ಳುತ್ತಿದ್ದ. ಒಂದು ಬೆಟ್ಟದಲ್ಲಿ, "ತಪ್ಪು ತಿಳಿವಳಿಕೆಯಿಂದ ಹಾಕಿದ ಮುದ್ರೆ ಊರ್ಜಿತ ಅಲ್ಲ." ಇನ್ನೊಂದು ಬೆಟ್ಟದಲ್ಲಿ, "ಸಂಬಂಧ ಕಡಿದಂತೆ ಮತ್ತೆ ಕೂಡಿಸೋಕೂ ಕಾಯಿದೆಯಲ್ಲಿ ಅಡ್ಡಿ ಇಲ್ಲ." ಎಲ್ಲವೂ ಸರಿಯಾಗಿತ್ತು. ಅಕುನೆಯವರು ಕೇಳಿದ್ದರೆ ಇನ್ನೊಂದು ಕರವಸ್ತ್ರ ತೆಗೆಯುತ್ತಿದ್ದರು.

ಊರು ಕಂಡಿತು. ಅಂಗಳದಿಂದ ಅಂಗಳಕ್ಕೆ ಗೂಟ ಹೊಡೆದು ಉದ್ದುದ್ದ ಹುರಿಗಳನ್ನು ಎಳೆದಿದ್ದರು. ಬಿಳಿ, ಕೆಂಪು, ಹೊಂಬಣ್ಣ. ಶಿಯೊಜಾವಾ ಮನೆಯ ಹಿಂಬಾಗಿಲ ಕಡೆಗೆ ತೊಕುಜಿಯ ಕಾಲು ತಾನಾಗಿ ತಿರುಗಿತು. ಹಿತ್ತಲಲ್ಲಿ ಹುರಿಗೆ ಅಂಟು ಸವರುತ್ತಿದ್ದ ಮೇಸ್ತ್ರಿ ಕಿಸಾಕು ಅವನನ್ನು ಕಂಡು, ಕುಂಚ ಕೆಳಗಿಟ್ಟು, ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು ಬಾಗಿದ. "ಮುಂಬಾಗಿಲಿಂದ ಬನ್ನಿ," ಎಂದ ಬಹಳ ಮೆಲ್ಲಗೆ. "ದಯವಿಟ್ಟು."

ಮುಂಬಾಗಿಲಲ್ಲಿ ಯೊಹೇ ಮಂಡಿಯೂರಿ ಕೂತಿದ್ದ. "ಇಹಾರಾ ಅವರು ಬಂದ್ರಾ. ಅಷ್ಟು ದೂರದಿಂದ ದಣಿವಾಗಿರತ್ತೆ. ದಯಮಾಡಿಸ್ಬೇಕು."

ಅತಿಥಿಗಳ ಕೋಣೆ. ಅತಿಥಿಗಳ ದಿಂಬು. ಸುಮಿ ಅತಿಥಿಗಳ ಬಟ್ಟಲಲ್ಲಿ ಚಹಾ ತಂದಳು. ತೊಕುಜಿಯ ಬಟ್ಟಲು, ಅಂಚು ಒಡೆದದ್ದು, ಅಡುಗೆಮನೆಯ ಹಲಗೆಯ ಮೇಲೆ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ಸುಮಿ ಕಣ್ಣೆತ್ತಲಿಲ್ಲ. ಅವಳ ತಲೆಗೂದಲನ್ನು ಮದುವೆಯಾದವರ ಹಾಗೆ ಕಟ್ಟಿತ್ತು.

ತೊಕುಜಿ ಬೆಟ್ಟಗಳಲ್ಲಿ ಕಟ್ಟಿದ ವಾದವನ್ನು ಮರೆತ. "ಅಪ್ಪಾ, ಅದು ಚರ್ಚೆ. ಚೀಟಿ ಎತ್ತಿ ಬಂದದ್ದು. ನನ್ನ ಮಾತಲ್ಲ."

"ಗೊತ್ತು. ಈ ನೆಗಿಶಿಯವರು ಅವತ್ತೇ ಹೇಳಿದ್ರು." ಮುದುಕ ನನ್ನ ಕಡೆ ತಲೆಬಾಗಿಸಿದ. "ಅದಕ್ಕೇ ನನಗೆ ಸಮಾಧಾನ ಆಗಿದ್ದು. ತಮ್ಮ ಬಾಯಿ ಮಾತೇ ಆಗಿದ್ರೆ, ಏನೋ ಹುಡುಗ್ರು ಅಂತ ಬಿಡ್ತಿದ್ದೆ. ಚೀಟಿ ಬಂದ್ಮೇಲೆ ಮನುಸ್ಯರದು ಏನೈತೆ?"

ನನಗೆ ಆಗ ಅರ್ಥವಾಗತೊಡಗಿತು. ಆ ಊರಲ್ಲಿ ಹುರಿಯವರ ಕೂಟ ಎಲ್ಲವನ್ನೂ ಬೆಟ್ಟದ ಗುಡಿಯಲ್ಲಿ ಚೀಟಿ ಎತ್ತಿ ತೀರ್ಮಾನಿಸುತ್ತದೆ. ಯಾರು ಮುಖ್ಯಸ್ಥ, ಯಾರಿಗೆ ನದಿಯ ನೀರು ಮೊದಲು, ಎಲ್ಲ. ಕಲ್ಲಿನ ತೊಟ್ಟಿಯಲ್ಲಿ ಕೈ ತೊಳೆದು, ಚಪ್ಪಾಳೆ ತಟ್ಟಿ, ಕೈ ಹಾಕಿದರೆ ಬಂದದ್ದು ದೇವರ ಮಾತು. ಅಕುನೆಯವರ ಟೊಪ್ಪಿಯಲ್ಲಿ ಇದ್ದದ್ದು ಬರೀ ತಲೆಯ ಎಣ್ಣೆ ಎಂದು ಈ ಮನುಷ್ಯನಿಗೆ ಯಾರು ಹೇಳಬೇಕಿತ್ತು?

"ತಮ್ಮ ಹೆಸರು ಈ ಮನೇಗೆ ಬರೆಸ್ಬೇಕಾದ್ರೂ ಎತ್ತಿಸಿದ್ದೆ," ಯೊಹೇ ಹೇಳಿದ. "ತಮ್ಮ ಕೈಯಾಗೇ. ಪುಟ್ಟ ಕೈ, ತೊಟ್ಟಿ ಎಟುಕ್ತಿರ್ಲಿಲ್ಲ, ಎತ್ಕಂಡು ತೊಳಿಸ್ದೆ. 'ಇರುತ್ತಾನೆ' ಅಂತ ಬಂತು. ಪಟ್ಟಣಕ್ಕೆ ಹೋದ್ಮೇಲೆ ದೊಡ್ಡೋರಾದ್ರಿ. ಈ ಮುದುಕನ ಹುರಿ ಮನೇಗೆ ಮನಸಾರೆ ಬತ್ತಾರೋ, ಋಣಕ್ಕೆ ಬತ್ತಾರೋ ಅಂತ ನಂಗೆ ಎರಡು ವರ್ಸದಿಂದ ನಿದ್ದೆ ಇರ್ಲಿಲ್ಲ. ಕೇಳಿದ್ರೆ, ಬತ್ತೀನಿ ಅಂತಲೇ ಅಂತಿದ್ರಿ, ಸಾಕಿದೋರಿಗೆ ಬೇರೇನ್ ಹೇಳಕ್ಕಾಯ್ತದೆ? ದೇವ್ರೇ ಎಲ್ಲಾದ್ರೂ ಉತ್ತರ ಕೊಡ್ಲಿ ಅಂತಿದ್ದೆ. ಕೊಟ್ಟ."

ನಾನು ಬಾಯಿ ಹಾಕಿದೆ. ಅದು ಗುಡಿಯಲ್ಲ, ಟೊಪ್ಪಿ. ಮೇಷ್ಟ್ರು ದೇವರಲ್ಲ, ಮೂಗು ಸೋರುವ ಮನುಷ್ಯ. ಮುಂದಿನ ತಿಂಗಳು ಅದೇ ಟೊಪ್ಪಿಯಿಂದ ಸಾಲದ ಬಡ್ಡಿಯ ಪ್ರಶ್ನೆ ಎತ್ತುತ್ತಾರೆ. ಜೀವನದಲ್ಲಿ ಮೊದಲ ಸಲ ಯಾರ ಧ್ವನಿಯನ್ನೂ ಎರವಲು ಪಡೆಯದೆ ಮಾತಾಡಿದೆ. ಯೊಹೇ ಗೌರವದಿಂದ ಕೇಳಿಸಿಕೊಂಡ. ಆಮೇಲೆ ತೊಕುಜಿಯ ಕಡೆ ತಿರುಗಿದ.

"ಚೀಟಿ ಹಂಗೇ ಇರ್ಲಿ. ಚಪ್ಪಲಿ ಹಿಡ್ಕಂಡು ಬಾಗಿಲಾಗೆ ಕುಂತಿದ್ದ ಹುಡುಗ? ಅದೂ ಟೊಪ್ಪಿಯಿಂದ ಬಂತಾ?"

ತೊಕುಜಿ ತಲೆ ತಗ್ಗಿಸಿದ. "ಅದು ನಿಜ."

"ನಾನು ಅವತ್ತು ಹುರಿ ಹೊಸೀತಾ ನೋಡ್ತಿದ್ದೆ. ಹುಡುಗ ಅಳ್ಲಿಲ್ಲ, ಗಟ್ಟಿಗ ಅಂದ್ಕಂಡಿದ್ದೆ. ಅಳಕ್ಕೂ ಜಾಗ ಇಲ್ಲ ಅಂದ್ಕಂಡಿದ್ದು ಅಂತ ಈಗ ಗೊತ್ತಾಯ್ತು."

"ಅಪ್ಪಾ, ಅದು ಮೊದಲನೇ ದಿನ." ತೊಕುಜಿಯ ಬೆರಳುಗಳು ಚಾಪೆಯ ಅಂಚನ್ನು ಹುಡುಕುತ್ತಿದ್ದವು. "ಎರಡನೇ ದಿನ ಬೆಳಿಗ್ಗೆ ನೀವು ಬಂದು ಬಾಗಿಲ ಹತ್ರ ನನ್ನ ಪಕ್ಕದಲ್ಲೇ ಕೂತ್ರಿ. ಏನೂ ಮಾತಾಡ್ಲಿಲ್ಲ. ಒಂದು ಕಾಗದ ಹರಿದು ಹೊಸೆದ್ರಿ. ಇನ್ನೊಂದು ಚೂರು ನನ್ನ ಕೈಗಿಟ್ರಿ. ನಂದು ಬಿಚ್ಚಿ ಬಿಚ್ಚಿ ಹೋಗ್ತಿತ್ತು. ನೀವು ನಿಮ್ಮದನ್ನೂ ಬೇಕಂತಲೇ ಬಿಚ್ಚಿ ಹೋಗೋ ಹಾಗೆ ಹೊಸೆದು, 'ಅಯ್ಯೋ ನಂದೂ ಹೋಯ್ತಲ್ಲೋ' ಅಂದ್ರಿ. ನಾನು ನಕ್ಕೆ. ಚಪ್ಪಲಿ ಕೆಳಗಿಟ್ಟೆ."

ಮುದುಕನ ಕೆಮ್ಮು ಬರುವ ಜಾಗದಲ್ಲಿ ಬೇರೇನೋ ಬಂತು. "ನಿಂಗದು ನೆಪ್ಪೈತೇನ್ಲಾ ತೊಕೂ?"

ಆ ಏಕವಚನಕ್ಕೆ ಸುಮಿ ಬಾಗಿಲ ಮರೆಯಲ್ಲಿ ಬಿಕ್ಕಿದ್ದು ಕೇಳಿಸಿತು.

"ಇದೆ ಅಪ್ಪಾ."

"ಮತ್ತೆ ಅದನ್ಯಾಕೆ ಅಲ್ಲಿ ಹೇಳ್ಲಿಲ್ಲ?"

ತೊಕುಜಿ, ಮೇಷ್ಟ್ರು ಮೆಚ್ಚುವಂಥ ಪ್ರಾಮಾಣಿಕತೆಯಿಂದ, ಹೇಳಿದ: "ಅದು ನೆಗಿಶಿ ಪಕ್ಷದ ಮಾತು ಅಪ್ಪಾ."

ಅಂಗಳದಲ್ಲಿ ಗಾಳಿಗೆ ಹುರಿಗಳು ಗುಂಯ್ ಎನ್ನುತ್ತಿದ್ದವು. ಯೊಹೇ ಆ ಮಾತನ್ನು ಒಂದು ಹೊಸ ಬಗೆಯ ಹುರಿಯಂತೆ ಮನಸ್ಸಿನಲ್ಲೇ ಹಿಡಿದು ನೋಡುತ್ತಿದ್ದಂತಿತ್ತು. "ಒಳ್ಳೇದನ್ನೆಲ್ಲ ಎದುರು ಪಕ್ಷಕ್ಕೆ ಬಿಟ್ಟು ನಿಂತ್ಕಂಬೇಕಾ ಅಲ್ಲಿ?" ಎಂದ ಕೊನೆಗೆ. "ಕಷ್ಟದ ಓದು."

ಆಗ ಹಿತ್ತಲ ಬಾಗಿಲು ಸರಿಯಿತು. ಕಿಸಾಕು ಅಲ್ಲೇ ನೆಲದ ಮೇಲೆ ಹಣೆ ಇಟ್ಟ. "ಯಜಮಾನ್ರೇ, ನಾನು ಹೊರಟೋಗ್ತೀನಿ. ನಂದೇನೈತೆ. ಮಗ ಬಂದವ್ರೆ."

ತೊಕುಜಿ ಎದ್ದು ಬಾಗಿಲ ಕಡೆಗೆ ಹೋದ. ಕಿಸಾಕುವಿನ ಹಿಂದೆ ಸುಮಿ ನಿಂತಿದ್ದಳು.

"ಸುಮಿ," ಎಂದ. "ನಿನ್ನ ಯಾರಾದ್ರೂ ಕೇಳಿದ್ರಾ?"

ಅವಳು ಮೊದಲ ಸಲ ತಲೆ ಎತ್ತಿದಳು. "ನೀನು ಅಲ್ಲಿ ನಿಂತು ಮಗೂನ ಯಾರೂ ಕೇಳ್ಲಿಲ್ಲ ಅಂದ್ಯಂತೆ. ಅಪ್ಪ ಬಂದು ನಂಗೂ ಅದ್ನೇ ಹೇಳಿ, ಕಿಸಾಕುನ ಕಟ್ಕಂತೀಯಾ ಅಂತ ಕೇಳ್ದ. ಹುಟ್ಟಿದಾಗಿನಿಂದ ಮೊದಲ್ನೇ ಸಲ." "ನೀನು ಬರಲ್ಲ ಅಂತ ತಿಳ್ಕಂಡು ನಾನು ಹೂಂ ಅಂದೆ. ಕಿಸಾಕು ಒಳ್ಳೇವ್ನು. ಈಗ ನನ್ನ ಇನ್ನೊಂದ್ಸಲ ಕೇಳಬ್ಯಾಡ ಕಣೋ."

ಅವನು ವಾದ ಹೂಡಬಹುದಿತ್ತು. ಕಾಯಿದೆ ಅವನ ಕಡೆ ಇತ್ತು; ಊರಿನ ಪಟ್ಟಿಯಲ್ಲಿ ಒಂದು ಹೆಸರನ್ನು ಹೊಡೆದು ಇನ್ನೊಂದನ್ನು ಬರೆಯುವುದು ಕ್ಷಣದ ಕೆಲಸ. ಮೇಸ್ತ್ರಿಯೇ ಬಿಟ್ಟುಕೊಡಲು ಸಿದ್ಧನಿದ್ದ. ಇಡೀ ಹಜಾರವನ್ನು ಅಳಿಸಿದ ಆ ಗಂಟಲಿಗೆ ಈ ಮೂವರು ಯಾವ ಲೆಕ್ಕ? ತೊಕುಜಿ ಬಗ್ಗಿ ಕಿಸಾಕುವಿನ ಭುಜ ಹಿಡಿದು ಎಬ್ಬಿಸಿದ. "ಅಂಟು ಒಣಗುತ್ತೆ, ಹೋಗಿ," ಎಂದ. "ಇವತ್ತು ಬಿಸಿಲು ಚೆನ್ನಾಗಿದೆ."

ಹೊರಡುವಾಗ ಯೊಹೇ ಹೊಸಿಲವರೆಗೆ ಬಂದ. ಅತಿಥಿಗಳಿಗೆ ಮಾಡುವಂತೆ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಟ್ಟ. ತೊಕುಜಿ ಅದನ್ನು ಮೆಟ್ಟಿಕೊಳ್ಳದೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತ. ಮುದುಕ ಬೇರೆ ಕಡೆ ನೋಡಿದ. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಬಾಗಿದರು; ಯಾರು ಮೊದಲು ತಲೆ ಎತ್ತಬೇಕೆಂದು ತಿಳಿಯದೆ ಹಾಗೇ ಇದ್ದರು.

"ಓದಿ," ಎಂದ ಯೊಹೇ. "ಇಹಾರಾ ಅವರೇ. ಚೆನ್ನಾಗಿ ಓದಿ."

ಕಣಿವೆಯ ತಲೆಯಲ್ಲಿ, ಬೆಟ್ಟದ ತಿರುವಿನಲ್ಲಿ, ಒಂದು ಚಹಾದಂಗಡಿ. ಹೊರಗಿನ ಬೆಂಚಿನ ಮೇಲೆ ಕೂತೆವು. ಕೆಳಗೆ ಊರು ಒಂದು ಬಣ್ಣದ ಗೆರೆಯಷ್ಟೇ ಕಾಣುತ್ತಿತ್ತು. ಅಂಗಡಿಯ ಮುದುಕಿ ಒಳಗೆ ಒಲೆ ಊದುತ್ತಿದ್ದಳು.

ನಾನು ಏನಾದರೊಂದು ಚಟಾಕಿ ಹುಡುಕುತ್ತಿದ್ದೆ. ನಾಲಿಗೆಯಲ್ಲಿ ಒಂದೂ ಇರಲಿಲ್ಲ.

"ನೆಗಿಶಿ."

"ಹೇಳು."

"ಅವರ ಹಾಗೆ ಒಂದ್ಸಲ ಕರಿ."

"ಬೇಡ ಕಣೋ."

"ಕರೀ. ನಿನಗೆ ಬರುತ್ತೆ. ಇನ್ಮೇಲೆ ನಿನಗೆ ಮಾತ್ರ ಬರೋದು."

ನಾನು ಮುಖ ತಿರುಗಿಸಿದೆ, ನೋಡುತ್ತ ಕರೆಯಲಾಗುತ್ತಿರಲಿಲ್ಲ. ಮೊದಲು ಸಣ್ಣ ಕೆಮ್ಮು. ಆಮೇಲೆ ಕಲ್ಲುದಾರಿಯ ಗಾಲಿ.

"ಲೇ ತೊಕೂ... ಉಂಡ್ಯೇನೋ?"

"ಹಾಂ, ಬಂದೆ ಅಪ್ಪಾ," ಎಂದ ತೊಕುಜಿ. ಈ ಸಲ ದಿಂಬು ಹಾರಿ ಬರಲಿಲ್ಲ.

ಒಳಗಿನಿಂದ ಮುದುಕಿ ಚಹಾದ ತಟ್ಟೆ ಹಿಡಿದು ಬಂದಳು. ಮೂರು ಬಟ್ಟಲು. "ಯಜಮಾನ್ರು ಎಲ್ಲಿಗೆ ಹೋದ್ರು?" ಎಂದು ದಾರಿಯ ಆಚೀಚೆ ನೋಡಿದಳು. "ಈಗ ಮಾತು ಕೇಳಿಸ್ತು."

ಹೆಚ್ಚಿನ ಬಟ್ಟಲನ್ನು ತೆಗೆದುಕೊಂಡು ಹೋಗಲು ಕೈ ಚಾಚಿದಳು. ತೊಕುಜಿ ತಡೆದ. "ಇರ್ಲಿ ಅಜ್ಜಿ. ಸ್ವಲ್ಪ ಹೊತ್ತು ಇರ್ಲಿ."

ಅದರ ಹಬೆ ನಿಲ್ಲುವವರೆಗೆ ನಾವು ಏಳಲಿಲ್ಲ.